ಗುಬ್ಬಿ, ಏಳು

ನಮ್ಮ ಆಫೀಸಿನಲ್ಲಿ ಎಲ್ಲರೂ ಅವರನ್ನು ಕಿವಿಯಕ್ಕ ಎನ್ನುತ್ತಿದ್ದರು. ಬೆನ್ನ ಹಿಂದೆ ಅಲ್ಲ, ಎದುರಿಗೇ. ಅವರೂ ಓಗೊಡುತ್ತಿದ್ದರು. ಹುಟ್ಟಿನಿಂದಲೇ ಕಣ್ಣು ಕಾಣದ ಹೆಂಗಸು. ನಾವು ಕಟ್ಟುವ ವೆಬ್ ಪುಟಗಳು ಕಣ್ಣಿಲ್ಲದವರ ಕಿವಿಗೆ ಸರಿಯಾಗಿ ತಲುಪುತ್ತವೆಯೇ ಎಂದು ಕೇಳಿ ನೋಡುವುದು ಅವರ ಕೆಲಸ. ಪುಟವನ್ನು ಗಟ್ಟಿಯಾಗಿ ಓದುವ ಯಂತ್ರವನ್ನು ಅವರು ಓಡಿಸುತ್ತಿದ್ದ ವೇಗಕ್ಕೆ, ಪಕ್ಕದಲ್ಲಿ ಕೂತ ನನಗೆ ಅವರ ಕಿವಿಯ ತಂತಿಯಿಂದ ಸೋರುವ ಜೀರುಂಡೆಯಂಥ ಸದ್ದು ಬಿಟ್ಟರೆ ಒಂದಕ್ಷರವೂ ತಿಳಿಯುತ್ತಿರಲಿಲ್ಲ. ಅದರ ನಡುವೆ ಥಟ್ಟನೆ ಕೈಯೆತ್ತಿ, "ಇಲ್ಲೊಂದು ಒತ್ತೋ ಗುಂಡಿಗೆ ಹೆಸರೇ ಇಟ್ಟಿಲ್ಲ, ಯಾರಪ್ಪ ಇದರ ಅಪ್ಪ?" ಎಂದು ಕೇಳುತ್ತಿದ್ದರು. ಪುಟ ಕಟ್ಟಿದವರು ಕುರ್ಚಿಯಲ್ಲೇ ಕುಗ್ಗಿಹೋಗುತ್ತಿದ್ದರು.

ನನ್ನ ಕೆಲಸ ಚಿತ್ರಗಳಿಗೆ ಮಾತು ಬರೆಯುವುದು. ಪುಟದಲ್ಲಿ ಒಂದು ಚಿತ್ರವಿದ್ದರೆ ಅದರ ಬೆನ್ನಿಗೆ ಒಂದು ಸಾಲು ಇರಬೇಕು. ಕಣ್ಣಿದ್ದವರಿಗೆ ಆ ಸಾಲು ಕಾಣುವುದಿಲ್ಲ. ಯಂತ್ರ ಅದನ್ನು ಓದಿ ಹೇಳುತ್ತದೆ. ಹಾಗೆಂದು ಎಲ್ಲ ಚಿತ್ರಕ್ಕೂ ಮಾತು ಬೇಕಿಲ್ಲ. ಬಳ್ಳಿಯ ಅಂಚು, ಮಸುಕು ಮೋಡ, ಸುಮ್ಮನೆ ನಗುತ್ತಿರುವ ಯಾರದೋ ಮುಖ, ಇವೆಲ್ಲ ಬರೀ ಅಲಂಕಾರ. ಅಂಥವಕ್ಕೆ ಖಾಲಿ ಗುರುತು ಹಾಕುತ್ತೇವೆ: ಎರಡು ಉದ್ಧರಣ ಚಿಹ್ನೆ, ನಡುವೆ ಏನೂ ಇಲ್ಲ. ಅದನ್ನು ಕಂಡ ಯಂತ್ರ ಸದ್ದಿಲ್ಲದೆ ಮುಂದೆ ಹೋಗುತ್ತದೆ. ಆ ಖಾಲಿ ಗುರುತನ್ನೂ ಹಾಕಲು ಮರೆತರೆ ಮಾತ್ರ ಫಜೀತಿ. ಸುಮ್ಮನಿರಬೇಕೋ ಮಾತಾಡಬೇಕೋ ತಿಳಿಯದೆ ಯಂತ್ರ ಆ ಚಿತ್ರದ ಫೈಲಿಗೆ ಏನು ಹೆಸರಿದೆಯೋ ಅದನ್ನೇ ಒದರಿಬಿಡುತ್ತದೆ.

"ಚೆಂದಕ್ಕೆ ಇಟ್ಟಿದ್ದು ಬಾಯಿ ಮುಚ್ಕೊಂಡಿರಬೇಕು" ಎಂಬುದು ಕಿವಿಯಕ್ಕನ ಕಾನೂನು. ಹೊಸದಾಗಿ ಸೇರಿದಾಗ ನಾನು ಪ್ರತಿ ಮೋಡಕ್ಕೂ ಎರಡು ಸಾಲು ಬರೆಯುತ್ತಿದ್ದೆ. ಕಿವಿಯಕ್ಕ ನನ್ನನ್ನು ಕೂರಿಸಿಕೊಂಡು, "ನಿನ್ನ ಹತ್ರ ಒಂದು ಲೋಟ ನೀರು ಕೇಳಿದ್ರೆ ಬಾವಿ ತೋಡಿದ ಕಥೆ ಹೇಳ್ತೀಯಲ್ಲ. ನನಗೆ ಬಸ್ಸಿನ ಸಮಯ ಬೇಕು, ಮೋಡದ ಬಣ್ಣ ಬೇಡ" ಎಂದರು. ನನಗೆ ಮೂಗಿನ ತುದಿಯಲ್ಲೇ ಕೋಪ. ಒಂದು ವಾರ ಮುಖ ಊದಿಸಿಕೊಂಡಿದ್ದೆ. ಅವರಿಗೆ ನನ್ನ ಮುಖ ಕಾಣದು ಎಂದು ಹೊಳೆದ ಮೇಲೆ ನನಗೇ ನಗು ಬಂದು ಮಾತಾಡಿಸಿದೆ. ಆಮೇಲೆ ನಾವಿಬ್ಬರೂ ಒಂದೇ ಡಬ್ಬಿಯಿಂದ ಊಟ ಮಾಡುವಷ್ಟು ಹತ್ತಿರವಾದೆವು.

ಅವರ ಬದುಕನ್ನು ನಾನು ಆ ಊಟದ ಹೊತ್ತಿನಲ್ಲೇ ತುಂಡು ತುಂಡಾಗಿ ಕೇಳಿದ್ದು. ಮದುವೆಯಾದವನು ಮಗಳು ಅಂಬೆಗಾಲಿಡುವ ಮೊದಲೇ ಕಾಲಿಗೆ ಬುದ್ಧಿ ಹೇಳಿದ. ತಮ್ಮ ಬಂದು ಅಕ್ಕನನ್ನೂ ಕೂಸನ್ನೂ ಮನೆಗೆ ಕರೆದುಕೊಂಡು ಹೋದ. ಆತ ಫೋಟೋ ಸ್ಟುಡಿಯೋ ಇಟ್ಟಿದ್ದ. ಮನೆ ಅದರ ಹಿಂಭಾಗದ ಎರಡು ಕೋಣೆ. ಕಣ್ಣಿಲ್ಲದ ತಾಯಿ ಮಗು ಎಲ್ಲಿದೆಯೆಂದು ತಿಳಿಯಲು ಅದರ ಅಂಗಿಗೆ ಒಂದು ಗೊಂಚಲು ಹಳೆಯ ಕೀಲಿಕೈ ಪೋಣಿಸಿದ್ದಳಂತೆ. ಮಗಳು ಸ್ವಲ್ಪ ದೊಡ್ಡದಾದದ್ದೇ ಗೊಂಚಲನ್ನು ಮುಷ್ಟಿಯಲ್ಲಿ ಒತ್ತಿ ಹಿಡಿದು ಸಕ್ಕರೆ ಡಬ್ಬಿಗೆ ಕೈಹಾಕಲು ಕಲಿತಳು. "ಸದ್ದು ನಿಂತ್ರೆ ಸಾಕು, ಸಕ್ಕರೆ ಹತ್ರ ಇದ್ದಾಳೆ ಅಂತ ಗೊತ್ತಾಗ್ತಿತ್ತು" ಎಂದು ಕಿವಿಯಕ್ಕ ನಗುತ್ತಿದ್ದರು.

ಆ ಹುಡುಗಿಯನ್ನು ನಾನೂ ನೋಡಿದ್ದೇನೆ. ಸಂಜೆ ತಾಯಿಯನ್ನು ಕರೆದೊಯ್ಯಲು ಬರುತ್ತಿದ್ದಳು. ಬೀದಿಯ ಬೋರ್ಡುಗಳನ್ನು ಬೇಕೆಂದೇ ತಪ್ಪಾಗಿ ಓದಿ ಹೇಳಿ ತಾಯಿಯನ್ನು ನಗಿಸುತ್ತ ನಡೆಯುವಳು. ಕಿವಿಯಕ್ಕನ ತಮ್ಮನನ್ನು ಅವಳು ಮಾಮ ಎನ್ನುತ್ತಿದ್ದುದನ್ನು ಕೇಳಿ ಕೇಳಿ ನಾವೂ ಆತನನ್ನು ಮಾಮ ಎಂದೇ ಕರೆಯುವುದಾಯಿತು. ಇಪ್ಪತ್ತರ ವಯಸ್ಸಿನಲ್ಲಿ ಒಂದು ಬೆಳಿಗ್ಗೆ ಅವಳು ಹಾಸಿಗೆ ಬಿಟ್ಟು ಏಳಲಿಲ್ಲ. ಹೃದಯ ನಿಂತಿತ್ತು, ಮೊದಲೇ ಏನೋ ತೊಂದರೆ ಇದ್ದಿರಬೇಕು ಎಂದರು ಡಾಕ್ಟರು. ಕಿವಿಯಕ್ಕ ಸ್ವಲ್ಪ ದಿನದ ನಂತರ ಮಾಮನ ಮೊಣಕೈ ಹಿಡಿದು ಕೆಲಸಕ್ಕೆ ಬಂದರು. ಮಾಮ ಸ್ಟುಡಿಯೋ ಮುಚ್ಚಿಬಿಟ್ಟರು. ಮಗಳ ಮಾತನ್ನು ಕಿವಿಯಕ್ಕ ಎತ್ತಲಿಲ್ಲ, ನಾನೂ ಕೆದಕಲಿಲ್ಲ. ಹೀಗೆ ಮೂರು ವರ್ಷ ಕಳೆದಿತ್ತು.

ಆಗ ಬಂದದ್ದು ಹಾಸಿಗೆ ಅಂಗಡಿಯ ಪುಟ. ಬೇರೆ ಯಾರೋ ಅರ್ಧ ಕಟ್ಟಿ ಬಿಟ್ಟಿದ್ದನ್ನು ನಮ್ಮ ಯಜಮಾನರು ತಂದು ನಮ್ಮ ತಲೆಗೆ ಕಟ್ಟಿದ್ದರು. ಮೇಲ್ಗಡೆ ಚಿತ್ರಗಳು ಒಂದರ ಹಿಂದೊಂದು ತಾವಾಗಿ ಸರಿಯುತ್ತಿದ್ದವು: ದಿಂಬು, ಹತ್ತಿಯ ರಾಶಿ, ಮಲಗಿದವರು, ಮತ್ತೆ ದಿಂಬು. ಅದನ್ನು ಕೇಳುತ್ತ ಕೂತ ಕಿವಿಯಕ್ಕ ಕೈಯೆತ್ತಿದರು. ಎತ್ತಿದ ಕೈ ಹಾಗೇ ನಿಂತಿತು.

ಏನಾಯಿತು ಅಕ್ಕಾ ಎಂದೆ. ಅವರು ನಾನು ಸೇರಿದಂದಿನಿಂದ ಒಮ್ಮೆಯೂ ಮಾಡದ್ದನ್ನು ಮಾಡಿದರು. ಯಂತ್ರದ ವೇಗ ಇಳಿಸಿ, ಕಿವಿಯ ತಂತಿ ಕಿತ್ತು, ದನಿಯನ್ನು ಹೊರಗೆ ಬಿಟ್ಟರು. ಯಂತ್ರದ್ದು ಹೆಣ್ಣು ದನಿ, ಏರಿಳಿತವಿಲ್ಲದ್ದು. ಅದು ದಿಂಬಿನ ಅಳತೆ ಹೇಳಿತು. ಹತ್ತಿಯ ಗುಣ ಹೇಳಿತು. ಒಂದು ಕ್ಷಣ ತಡೆದು ಹೇಳಿತು:

"ಗುಬ್ಬಿ ಏಳು."

"ನಿನಗೂ ಕೇಳಿಸ್ತಾ?" ಎಂದರು ಕಿವಿಯಕ್ಕ.

"ಕೇಳಿಸ್ತು."

"ಸದ್ಯ. ಮೊನ್ನೆಯಿಂದ ಕೇಳಿಸ್ತಾ ಇದೆ. ನನಗೇ ತಲೆ ಕೆಟ್ಟಿತು ಅಂದ್ಕೊಂಡಿದ್ದೆ." ಅವರ ಕೈ ಇನ್ನೂ ಗಾಳಿಯಲ್ಲೇ ಇತ್ತು. ನಾನೇ ಹಿಡಿದು ಮೇಜಿನ ಮೇಲೆ ಇಳಿಸಿದೆ. ಬೆರಳು ಮಂಜುಗಡ್ಡೆಯಾಗಿದ್ದವು.

ನಾನು ಪುಟದ ಬೆನ್ನು ತಿರುಗಿಸಿ ನೋಡಿದೆ. ಒಂದು ಚಿತ್ರಕ್ಕೆ ಮಾತೂ ಬರೆದಿಲ್ಲ, ಖಾಲಿ ಗುರುತೂ ಹಾಕಿಲ್ಲ. ಫೈಲಿನ ಹೆಸರು ಕನ್ನಡದಲ್ಲೇ ಇತ್ತು: ಗುಬ್ಬಿ, ಒಂದು ಸಣ್ಣ ಗೆರೆ, 7.

"ಅಕ್ಕಾ, ಅದು ನಂಬರು. ಆರಾದ ಮೇಲಿನ ಏಳು. ಯಾರೋ ಫೋಟೋಗ್ರಾಫರ್ ಇಟ್ಟ ಹೆಸರು, ಅಷ್ಟೇ" ಎಂದೆ. ಇಷ್ಟು ಸಣ್ಣದಕ್ಕೆ ಹೆದರಿದೆನಲ್ಲ ಎಂದು ನಗಲೂ ನೋಡಿದೆ.

"ಗುಬ್ಬಿ ಅಂತ ಕರೀತಿದ್ದದ್ದು ನನ್ನ ಮಗಳನ್ನ. ಹಾಗೆ ಕರೀತಿದ್ದವರು ಇಬ್ಬರೇ, ನಾನು, ನನ್ನ ತಮ್ಮ" ಎಂದರು. "ದಿನಾ ಬೆಳಿಗ್ಗೆ ಅಡುಗೆಮನೆಯಿಂದ ನಾನು ಕೂಗ್ತಿದ್ದದ್ದೂ ಇದೇ. ಗುಬ್ಬಿ, ಏಳು. ಆವತ್ತೂ ಕೂಗಿದೆ. ಎಷ್ಟು ಸಲ ಅಂತ ಲೆಕ್ಕ ಇಲ್ಲ. ಈಗ ಹೇಳು, ಚಿತ್ರದಲ್ಲಿ ಏನಿದೆ?"

ಚಿತ್ರ ಸರದಿಯ ಮೇಲೆ ಬಂತು. ದಿಂಬಿನ ಮೇಲೆ ಕೆನ್ನೆಯಿಟ್ಟು ಮಲಗಿದ ಹುಡುಗಿ. ಬೋರ್ಡುಗಳನ್ನು ತಪ್ಪಾಗಿ ಓದುತ್ತಿದ್ದ ಅದೇ ಮುಖ. ಸೊಂಟದಿಂದ ಕೆಳಗೆ ಚಿತ್ರದ ಮೇಲೆ ಕೆಂಪು ಪಟ್ಟಿ ಎಳೆದು ಭಾರಿ ರಿಯಾಯಿತಿ ಎಂದು ಬರೆದಿದ್ದರು.

"ಅವಳೇ ಅಕ್ಕಾ" ಎಂದೆ. ಅವರು ಅಲುಗಾಡಲಿಲ್ಲ. ಏನಾದರೂ ಹೇಳಿ ಆ ಮೌನ ತುಂಬಬೇಕು ಎನ್ನಿಸಿ ನನ್ನ ಹಳೆಯ ಚಾಳಿ ಶುರುವಾಯಿತು. "ಮಲಗಿದ್ದಾಳೆ. ಕಣ್ಣು ಮುಚ್ಚಿವೆ. ಬೆಳಗಿನ ಬೆಳಕು. ಹಿಂದೆ ಕಿಟಕಿ, ತೆಳು ಪರದೆ ಗಾಳಿಗೆ ಉಬ್ಬಿದೆ, ತುಂಬ ಚೆನ್ನಾಗಿ..."

"ಪರದೆ ಉಬ್ಬಿದೆಯಾ?"

"ಹೂಂ."

"ಅಂದ್ರೆ ಕಿಟಕಿ ತೆಗೆದಿದೆ."

ನಾನು ನಾಲಿಗೆ ಕಚ್ಚಿಕೊಂಡೆ, ಯಾಕೆಂದು ನನಗೇ ತಿಳಿಯದೆ.

ಕಿವಿಯಕ್ಕ ನಿಧಾನವಾಗಿ ಹೇಳಿದರು. ಗುಬ್ಬಿಗೆ ಧೂಳು ಆಗುತ್ತಿರಲಿಲ್ಲ. ಕಿಟಕಿ ತೆಗೆದು ಮಲಗಿದ್ದೇ ಇಲ್ಲ. ಆ ಬೆಳಿಗ್ಗೆ ಕೂಗಿ ಕೂಗಿ ಸಾಕಾಗಿ ತಮ್ಮನಿಗೆ ಎಬ್ಬಿಸಲು ಹೇಳಿದ್ದರು. ಆತ ಕೋಣೆಯೊಳಗೆ ಹೋದ. ಕಿಟಕಿಯ ಚಿಲಕ ಸರಿಸಿದ ಸದ್ದು ಕೇಳಿಸಿತು. ಆಮೇಲೆ ತುಂಬ ಹೊತ್ತು ಏನೂ ಇಲ್ಲ. ಹೊರಗೆ ಬಂದವನು, ಇನ್ನೊಂದು ಚೂರು ಮಲಗಲಿ ಬಿಡಕ್ಕಾ ಎಂದ. ಬಿಸಿಲು ಏರಿದ ಮೇಲೆ ಮತ್ತೆ ಹೋಗಿ ನೋಡಿ ಆತನೇ ಕಿರುಚಿದ್ದು.

"ಒಂದು ಸಲ ಮಾತ್ರ ಆ ಕಿಟಕಿ ತೆಗೆದಿದ್ದು" ಎಂದರು. "ಸತ್ತು ಬಿದ್ದವಳ ಫೋಟೋ ತೆಗೆದು, ನನ್ನ ಹತ್ರ ಬಂದು ಮಲಗಲಿ ಬಿಡು ಅಂದನಾ? ಅದನ್ನ ಈ ಅಂಗಡಿಗೆ ಕೊಟ್ಟನಾ? ನಾನು ಅವನ ಮನೇಲಿ ಇದ್ದೀನಿ ಕಣೆ. ಅವನು ಬಡಿಸಿದ್ದು ತಿಂತೀನಿ. ಅವನ ಕೈ ಹಿಡಿದು ರಸ್ತೆ ದಾಟ್ತೀನಿ. ಇದು ಹೌದಾದ್ರೆ ಇನ್ನೊಂದು ದಿನ ಆ ಮನೇಲಿ ಇರಲ್ಲ. ಎಲ್ಲಿಗೆ ಹೋಗ್ತೀನೋ ಗೊತ್ತಿಲ್ಲ, ಇರಲ್ಲ."

ಊಟದ ಹೊತ್ತಾಗಿತ್ತು, ಅವರನ್ನು ಎಬ್ಬಿಸಿಕೊಂಡು ಕೈ ತೊಳೆಯಲು ಹೋದೆ. ಯಂತ್ರ ಆರಿಸುವುದು ಇಬ್ಬರಿಗೂ ಮರೆತಿತ್ತು. ತಿರುಗಿ ಬರುವಾಗ ಮೆಟ್ಟಿಲ ತಿರುವಿನಲ್ಲೇ ಕೇಳಿಸಿತು. ಉಳಿದವರೆಲ್ಲ ಊಟಕ್ಕೆ ಹೊರಗೆ ಹೋಗಿದ್ದರು. ಖಾಲಿ ಕೋಣೆಯಲ್ಲಿ, ಖಾಲಿ ಕುರ್ಚಿಯ ಮುಂದೆ, ಆ ದನಿ ದಿಂಬಿನ ಅಳತೆ ಹೇಳಿ ಕರೆಯುತ್ತಿತ್ತು. ಗುಬ್ಬಿ ಏಳು. ಹತ್ತಿಯ ಗುಣ ಹೇಳಿ ಮತ್ತೆ ಕರೆಯುತ್ತಿತ್ತು. ಕೋಪವಿಲ್ಲ, ಅವಸರವಿಲ್ಲ, ಬೇಸರವೂ ಇಲ್ಲ. ಕಿವಿಯಕ್ಕ ಬಾಗಿಲ ಚೌಕಟ್ಟು ಹಿಡಿದು ನಿಂತು ಅದು ಕರೆದಷ್ಟೂ ಸಲ ತಲೆಯಾಡಿಸುತ್ತಿದ್ದರು. ನಾನು ಓಡಿಹೋಗಿ ಯಂತ್ರ ಆರಿಸಿದೆ.

"ಬೇರೆ ಎಲ್ಲಾದ್ರೂ ಇದ್ದಾಳಾ, ನೋಡು" ಎಂದರು ಕುಳಿತ ಮೇಲೆ.

ಹುಡುಕಿದೆ. ಒಂದೇ ಚಿತ್ರವನ್ನು ಅಂತರ್ಜಾಲದ ತುಂಬ ಹುಡುಕುವ ದಾರಿ ನಮಗೆ ಗೊತ್ತಿರುವುದೇ. ಹುಡುಗಿ ಒಂದು ಲಾಡ್ಜಿನ ಪುಟದಲ್ಲಿ ಮಲಗಿದ್ದಳು. ನಿದ್ರೆ ಮಾತ್ರೆ ಮಾರುವವರ ಪುಟದಲ್ಲಿ ಮಲಗಿದ್ದಳು. ವಿಮೆಯ ಪುಟದಲ್ಲಿ ಬಣ್ಣ ತೆಗೆದು ಮಸುಕಾಗಿಸಿ, ಅಕ್ಷರಗಳ ಹಿಂದೆ ಮಲಗಿಸಿದ್ದರು. ಒಂದೊಂದು ಕಡೆಯೂ ಸಿಕ್ಕಾಗ ನೆಲದಡಿಯಿಂದ ಏನನ್ನೋ ಅಗೆದು ತೆಗೆದ ಹಾಗೆ ಆಗುತ್ತಿತ್ತು. ಎಲ್ಲ ಪುಟದಲ್ಲೂ ಖಾಲಿ ಗುರುತು ಸರಿಯಾಗಿತ್ತು, ಎಲ್ಲೂ ಸದ್ದಿಲ್ಲ. ಲಾಡ್ಜಿನದೂ ವಿಮೆಯದೂ ನಮ್ಮ ಆಫೀಸಿನಲ್ಲೇ ಆದ ಪುಟಗಳು. ಕೇಳಿ ನೋಡಿ ಸರಿಯಿದೆ ಎಂದು ಒಪ್ಪಿಗೆ ಕೊಟ್ಟವರು ಕಿವಿಯಕ್ಕ. ಲಾಡ್ಜಿನದು ನಾನು ರಜೆಯಲ್ಲಿದ್ದಾಗ ಬೇರೆಯವರು ಮಾಡಿದ್ದು. ವಿಮೆಯ ಚಿತ್ರ ಎಷ್ಟು ಮಸುಕೆಂದರೆ ಎದುರಿಗಿದ್ದರೂ ನಾನು ಗುರುತಿಸಿರಲಿಲ್ಲ. ಇದನ್ನೂ ಹೇಳಿದೆ. ಮುಚ್ಚಿಟ್ಟು ನನಗೆ ಅಭ್ಯಾಸವಿಲ್ಲ.

"ಹಾಗಾದ್ರೆ ಅವಳ ಮೇಲೇ ಹಾದು ಹೋಗಿದ್ದೀನಿ" ಎಂದರು. "ಎಷ್ಟೋ ಸಲ. ಅಲ್ಲಿ ಏನೂ ಇಲ್ಲ ಅಂತ."

ಅವರು ಅತ್ತಿದ್ದನ್ನು ನಾನು ನೋಡಿದ್ದು ಅಂದೇ. ಸದ್ದಿಲ್ಲದ ಅಳು. ನನಗೂ ತಡೆಯಲಾಗಲಿಲ್ಲ.

ಭಾನುವಾರ ಮನೆಗೆ ಬಾ ಎಂದರು. "ಅವನ ದನಿ ನಾನು ಓದ್ತೀನಿ. ಮುಖ ಓದೋಕೆ ಒಬ್ಬರು ಬೇಕು. ನೋಡಿದ್ದನ್ನ ನೋಡಿದ ಹಾಗೆ ಹೇಳು, ನನ್ನ ಮೇಲೆ ಕರುಣೆ ಗಿರುಣೆ ಇಟ್ಕೋಬೇಡ."

ಹೋದೆ. ಮುಚ್ಚಿದ ಸ್ಟುಡಿಯೋದ ಪಕ್ಕದ ಓಣಿಯಲ್ಲಿ ಬಾಗಿಲು. ಮನೆಯೊಳಗೆ ಪ್ರತಿ ವಸ್ತುವಿಗೂ ಒಂದೇ ಜಾಗ. ಮಾಮ ಕುರ್ಚಿ ಎಳೆದು ನನಗೆ ಕೊಟ್ಟವರು, ಅಕ್ಕ ಎಡವಬಾರದೆಂದು ಆ ಜಾಗಕ್ಕೆ ಇನ್ನೊಂದು ಕುರ್ಚಿ ತಂದಿಟ್ಟರು. ಬಡಕಲು ಮನುಷ್ಯ, ಕಣ್ಣ ಕೆಳಗೆ ಕಪ್ಪು. ಟೀ ತಂದು ಅಕ್ಕನ ಬೆರಳನ್ನು ಲೋಟದ ಅಂಚಿಗೆ ಮುಟ್ಟಿಸಿದರು. ಇಂಥವರು ಹಾಗೆ ಮಾಡಿಯಾರೆ ಎನ್ನಿಸಿತು. ಮಾಡಿರಲಾರರು ಎಂದು ಹೇಳುವ ಧೈರ್ಯವೂ ಬರಲಿಲ್ಲ.

ಕಿವಿಯಕ್ಕ ಸುತ್ತು ಬಳಸಲಿಲ್ಲ. "ಗುಬ್ಬಿ ಏಳು ಅನ್ನೋ ಫೋಟೋ ಯಾವತ್ತು ತೆಗೆದಿದ್ದು?"

ನಾನು ಮಾಮನ ಮುಖವನ್ನೇ ನೋಡುತ್ತಿದ್ದೆ. ಸಿಕ್ಕಿಬಿದ್ದ ಕಳ್ಳನ ಮುಖ ಅಲ್ಲ ಅದು. ತುಂಬ ದಿನದಿಂದ ಬಾಗಿಲು ಬಡಿಯುವುದನ್ನೇ ಕಾದು ಕೂತವನ ಮುಖ.

"ಆವತ್ತೇ" ಎಂದರು. "ಬಾ ಅಕ್ಕಾ."

ಸ್ಟುಡಿಯೋದ ಒಳಕೋಣೆಗೆ ಕರೆದೊಯ್ದರು. ಕ್ಯಾಮೆರಾಗಳಿಗೆಲ್ಲ ಬಟ್ಟೆ ಹೊದಿಸಿತ್ತು. ಕಂಪ್ಯೂಟರ್ ಒಂದಕ್ಕೆ ಮಾತ್ರ ಧೂಳು ಹಿಡಿದಿರಲಿಲ್ಲ. ಅದನ್ನು ಹಚ್ಚಿದರೆ ಬೇರೇನೂ ಕೇಳದೆ ಚಿತ್ರವೇ ತೆರೆದುಕೊಂಡಿತು, ಪರದೆಯ ತುಂಬ. ಕೆಂಪು ಪಟ್ಟಿ ಇಲ್ಲದ ಪೂರ್ತಿ ಚಿತ್ರ.

"ನಾನು ಮಾರಲಿಲ್ಲ" ಎಂದರು ಮಾಮ. "ಅವಳೇ ಹಠ ಮಾಡಿ ತೆಗೆಸಿಕೊಂಡ ಆರು ಫೋಟೋ ಮೊದಲೇ ಅಂತರ್ಜಾಲದಲ್ಲಿ ಚಿತ್ರ ಮಾರೋರಿಗೆ ಹೋಗಿದ್ವು. ಗುಬ್ಬಿ ಒಂದು, ಗುಬ್ಬಿ ಎರಡು, ಹಾಗೆ. ಕ್ಯಾಮೆರಾದಲ್ಲಿ ಬಂದದ್ದೆಲ್ಲ ತಾನಾಗೇ ಅಲ್ಲಿಗೆ ಹೋಗೋ ಹಾಗೆ ಇಟ್ಟಿದ್ದೆ. ನಿಲ್ಲಿಸೋಕೆ ನನಗೆ ಹೊಳೀಲೇ ಇಲ್ಲ. ಏಳು ಅಂತ ನಾನು ಬರೆದಿಲ್ಲ ಅಕ್ಕಾ. ಅದು ತಾನಾಗೇ ಬಿದ್ದ ನಂಬರು. ಗೊತ್ತಾಗೋ ಹೊತ್ತಿಗೆ ಎಲ್ಲಾ ಕಡೆ ಹರಡಿತ್ತು."

"ನನಗದು ಬೇಡ" ಎಂದರು ಕಿವಿಯಕ್ಕ. "ನೀನು ತೆಗೆದಾಗ ಅವಳು ಬದುಕಿದ್ಲಾ, ಇಲ್ವಾ?"

ಮಾಮ ಕಂಪ್ಯೂಟರಿಗೆ ಹೇಳುವ ಹಾಗೆ ಹೇಳಿದರು. "ಎಬ್ಬಿಸೋಕೆ ಅಂತಲೇ ಹೋದೆ. ಬೆಳಕು ಚೆನ್ನಾಗಿ ಬೀಳ್ತಾ ಇತ್ತು. ಪರದೆ ಹಾರಿದ್ರೆ ಇನ್ನೂ ಚೆನ್ನಾಗಿರತ್ತೆ ಅಂತ ಕಿಟಕಿ ತೆಗೆದೆ. ಚಿಲಕದ ಸದ್ದಿಗೂ ಏಳಲಿಲ್ಲ. ಪಾಪ, ಗಾಢ ನಿದ್ದೆ ಅಂದ್ಕೊಂಡೆ. ಒಂದು ಫೋಟೋ ತೆಗೆದು ಬಂದು ನಿನಗೆ ಮಲಗಲಿ ಬಿಡು ಅಂದೆ. ದಿನಾ ಬೆಳಿಗ್ಗೆ ನೀನು ಸ್ನಾನಕ್ಕೆ ಹೋದಾಗ ಬಂದು ನೋಡ್ತೀನಿ. ದೊಡ್ಡದು ಮಾಡಿ ನೋಡ್ತೀನಿ. ಮೂಗಿನ ಹತ್ರ ಒಂದೆಳೆ ಕೂದಲು ಎದ್ದಿದೆ. ಉಸಿರಿಗೆ ಎದ್ದಿದ್ದಾ, ಗಾಳಿಗಾ, ಗೊತ್ತಾಗಲ್ಲ. ಕಿಟಕಿ ತೆಗೆದವನು ನಾನೇ ಅಲ್ವಾ. ಆಗ ಉಸಿರಿತ್ತು ಅಂದ್ರೆ ಅಕ್ಕಾ, ಎಬ್ಬಿಸಿ ನೋಡಿದ್ರೆ, ಡಾಕ್ಟರ ಹತ್ರ ಓಡಿದ್ರೆ..."

ನಾನು ಆ ಕೂದಲನ್ನು ನೋಡಿದೆ. ಹೌದು, ಎದ್ದಿತ್ತು. ನೋಡುತ್ತ ನೋಡುತ್ತ ಈಗ ಅಲುಗಿತೇನೋ ಎನ್ನಿಸಿ ದೃಷ್ಟಿ ತೆಗೆದೆ.

ಕಿವಿಯಕ್ಕ ನಿಂತೇ ಇದ್ದರು. ಕಿವಿ ತಮ್ಮನ ಉಸಿರಿನ ಕಡೆಗಿತ್ತು. ಅವರು ಸುಳ್ಳನ್ನು ಹಿಡಿಯಲು ಬಂದಿದ್ದರು, ಅದು ಅಲ್ಲಿರಲಿಲ್ಲ. ಕೈ ಚಾಚಿ ತಡವಿ ಆತನ ಭುಜ ಹಿಡಿದರು.

"ಅವಳು ಆಗಲೇ ಹೋಗಿದ್ಲು" ಎಂದರು. "ನಿನಗಿಂತ ಮೊದಲೇ ನಾನು ಒಳಗೆ ಹೋಗಿದ್ದೆ. ನಿನಗೆ ಹೇಳಿಲ್ಲ, ಯಾರಿಗೂ ಹೇಳಿಲ್ಲ. ಕಾಲು ಮುಟ್ಟಿದೆ. ತಣ್ಣಗೆ ಕೊರೀತಿತ್ತು. ಚಳಿಯಾಗಿದೆ ಅಂತ ಎರಡೂ ಕಾಲು ಮುಚ್ಚಿ, ಹೊದಿಕೆ ಅಂಚನ್ನ ಹಾಸಿಗೆ ಅಡಿಗೆ ಸಿಕ್ಕಿಸಿ ಬಂದೆ. ಮುಟ್ಟಿದ ನನಗೇ ಗೊತ್ತಾಗಲಿಲ್ಲ. ನೋಡಿದ ನಿನಗೆ ಹೇಗೆ ಗೊತ್ತಾಗಬೇಕು?"

ಮಾಮ ತಲೆ ಎತ್ತಿ ಪರದೆಯನ್ನು ನೋಡಿದರು. ನಾನೂ ನೋಡಿದೆ. ಅಂಗಡಿಯವರು ಕೆಂಪು ಪಟ್ಟಿಯಲ್ಲಿ ಮುಚ್ಚಿದ್ದ ಭಾಗ ಇಲ್ಲಿ ತೆರೆದಿತ್ತು. ಹೊದಿಕೆ ಒಂದು ಬದಿಗೆ ಮಂಡಿಯವರೆಗೆ ಸರಿದಿತ್ತು. ಬಲಗಾಲು ಪೂರ್ತಿ ಹೊರಗಿತ್ತು, ಬೆರಳುಗಳು ಮಂಚದ ಪಟ್ಟಿಗೆ ಒತ್ತಿಕೊಂಡು ಮಡಚಿದ್ದವು.

ತಮ್ಮನನ್ನು ಉಳಿಸಲು ಕಿವಿಯಕ್ಕ ಆ ಕ್ಷಣಕ್ಕೆ ಕಟ್ಟಿ ಹೇಳಿದ ಮಾತೇ ಅದು? ಅಥವಾ ನಿಜವಾಗಿ ಸಿಕ್ಕಿಸಿ ಬಂದಿದ್ದರೆ, ಅವರು ಹೋದ ಮೇಲೆ ಆ ಕಾಲನ್ನು ಹೊರಗೆ ಎಳೆದುಕೊಂಡವರು ಯಾರು? ಮಾಮ ನನ್ನ ಕಡೆ ತಿರುಗಿದರು. ದಿನಾ ಈ ಚಿತ್ರ ನೋಡಿದವರಿಗೆ ಆ ಕಾಲು ಹೊರಗಿರುವುದು ನನಗಿಂತ ಚೆನ್ನಾಗಿ ಗೊತ್ತಿತ್ತು.

ಕಿವಿಯಕ್ಕ ತಮ್ಮನ ಭುಜ ಬಿಡದೆ ನಾನಿದ್ದ ಕಡೆಗೆ ಮುಖ ಮಾಡಿದರು.

"ನೀನು ಹೇಳು. ಚಿತ್ರದಲ್ಲಿ ಕಾಲು ಮುಚ್ಚಿದೆ ತಾನೇ?"

ನನ್ನ ಜೀವಮಾನದಲ್ಲಿ ಯಾವ ಚಿತ್ರಕ್ಕೂ ಇಲ್ಲದ್ದನ್ನು ಇದೆಯೆಂದು ಬರೆದವಳಲ್ಲ ನಾನು.

"ಮುಚ್ಚಿದೆ ಅ​ಕ್ಕಾ" ಎಂದೆ.

"ಎರಡೂ?"

"ಎರಡೂ."

ಮಾಮ ಕೈ ಚಾಚಿ ಪರದೆಯ ಮೇಲೆ ಆ ಕಾಲು ಇದ್ದ ಜಾಗಕ್ಕೆ ಅಂಗೈ ಇಟ್ಟು ಮುಚ್ಚಿದರು, ಅಕ್ಕನ ಕಣ್ಣಿಗೆ ಬೀಳಬಾರದು ಎನ್ನುವ ಹಾಗೆ.